ಆನ್‌ಲೈನ್ ಸಂಬಂಧ ಕುದುರುವ ಮುನ್ನ: ವಿಚಾರಿಸುವ ದಾರಿ ನಿಮ್ಮದೇ ಆಗಿರಲಿ

ಮ್ಯಾಟ್ರಿಮೊನಿ ತಾಣಗಳಲ್ಲಿಯೂ ಡೇಟಿಂಗ್ ಆ್ಯಪ್‌ಗಳಲ್ಲಿಯೂ ನಡೆಯುವ ಮೋಸದ ಬಗ್ಗೆ ಪತ್ರಿಕೆಗಳು ವರ್ಷಗಳಿಂದ ಬರೆಯುತ್ತಲೇ ಇವೆ. ಆದರೂ ರಾಜ್ಯದ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿಗೆ ಇಂತಹ ದೂರುಗಳು ಬರುವುದು ನಿಂತಿಲ್ಲ. ಹಣ ಕಳೆದುಕೊಂಡವರಲ್ಲಿ ವೈದ್ಯರಿದ್ದಾರೆ, ಉಪನ್ಯಾಸಕಿಯರಿದ್ದಾರೆ, ಬ್ಯಾಂಕ್ ನೌಕರರೂ ಸಾಫ್ಟ್‌ವೇರ್ ಎಂಜಿನಿಯರುಗಳೂ ಇದ್ದಾರೆ. ಆದ್ದರಿಂದ ಇದು ಓದುಬರಹ ಇಲ್ಲದವರಿಗೆ, ಲೋಕ ಕಾಣದವರಿಗೆ ಮಾತ್ರ ಆಗುವ ಅನಾಹುತ ಎಂಬ ಎಣಿಕೆಯನ್ನು ಮೊದಲು ಬಿಡಬೇಕು. ಆ ಎಣಿಕೆ ಇರುವವರೆಗೂ ಮೋಸಹೋದವರು ಬಾಯಿ ಬಿಡುವುದಿಲ್ಲ, ಮೋಸಹೋಗುತ್ತಿರುವವರಿಗೆ ತಮ್ಮ ಮೇಲೆ ಸಂಶಯ ಬರುವುದಿಲ್ಲ.

ನಮ್ಮಲ್ಲಿ ಮದುವೆಯ ಮಾತು ಎದ್ದಾಗ ವಿಚಾರಿಸುವುದು ಎಂಬ ಒಂದು ಹಂತವಿತ್ತು, ಅನೇಕ ಮನೆಗಳಲ್ಲಿ ಈಗಲೂ ಇದೆ. ಹುಡುಗನ ಊರಿನಲ್ಲಿ ಯಾರನ್ನು ಕೇಳಬೇಕು, ಅವನು ಕೆಲಸ ಮಾಡುವ ಕಚೇರಿಯಲ್ಲಿ ಪರಿಚಯದವರು ಯಾರಿದ್ದಾರೆ, ಅವನ ಸೋದರಮಾವನ ಬೀದಿಯಲ್ಲಿ ನಮ್ಮವರ ಮನೆ ಯಾವುದಿದೆ ಎಂಬುದನ್ನು ಹೆಣ್ಣಿನ ಕಡೆಯವರೇ ಗೊತ್ತುಮಾಡಿಕೊಂಡು, ಗಂಡಿನ ಕಡೆಯವರಿಗೆ ಸುಳಿವು ಕೊಡದೆ ಹೋಗಿ ಕೇಳಿ ಬರುತ್ತಿದ್ದರು. ಆ ಪದ್ಧತಿಯಲ್ಲಿ ಜಾತಿ ಮತ್ತು ಅಂತಸ್ತಿನ ಲೆಕ್ಕಾಚಾರಗಳೂ ಬೆರೆತಿದ್ದವು. ಅವುಗಳನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಅದರ ಒಂದು ಗುಣ ಇಂದಿಗೂ ಬೇಕು: ಕೇಳುವ ದಾರಿಯನ್ನು ಕೇಳುವವರೇ ಆರಿಸಿಕೊಳ್ಳುತ್ತಿದ್ದರು. ಆನ್‌ಲೈನ್ ವಂಚನೆಯಲ್ಲಿ ಇದು ತಿರುಗುಮುರುಗಾಗುತ್ತದೆ. ಫೋಟೊ ವಂಚಕ ಕಳಿಸಿದ್ದು, ಪಾಸ್‌ಪೋರ್ಟಿನ ಪ್ರತಿ ಅವನು ಕಳಿಸಿದ್ದು, ಪಾರ್ಸೆಲ್ ಎಲ್ಲಿದೆಯೆಂದು ತೋರಿಸುವ ವೆಬ್‌ಸೈಟ್ ಅವನೇ ಮಾಡಿಸಿದ್ದು, ಕಸ್ಟಮ್ಸ್ ಅಧಿಕಾರಿ ಎಂದು ಕರೆ ಮಾಡುವವಳೂ ಅವನ ಗುಂಪಿನವಳೇ. ನೋಡುವವರಿಗೆ ನಾಲ್ಕು ಕಡೆಯಿಂದ ಖಚಿತವಾದಂತೆ ಅನ್ನಿಸುತ್ತದೆ, ಆದರೆ ನಾಲ್ಕೂ ಒಂದೇ ಕಡೆಯ ಮಾತು. ಮುಂದೆ ಹೇಳುವ ಬಹುಪಾಲು ಉಪಾಯಗಳು ಆ ದಾರಿಯನ್ನು ಮತ್ತೆ ನಿಮ್ಮ ಕೈಗೆ ತಂದುಕೊಳ್ಳುವ ಉಪಾಯಗಳು.

ಮೋಸ ಹೇಗೆ ಬೆಳೆಯುತ್ತದೆ

ಕರ್ನಾಟಕದಲ್ಲಿ ಬಹಳ ಕಾಲದಿಂದ ನಡೆಯುತ್ತಿರುವುದು ವಿದೇಶದ ವರನ ಹೆಸರಿನ ಮೋಸ. ಪ್ರೊಫೈಲ್‌ನಲ್ಲಿರುವಾತ ಲಂಡನ್‌ನಲ್ಲಿ ವೈದ್ಯ, ಇಲ್ಲವೇ ಹಡಗಿನಲ್ಲಿ ಎಂಜಿನಿಯರ್, ಇಲ್ಲವೇ ಅಮೆರಿಕದ ಸೇನೆಯಲ್ಲಿ ಅಧಿಕಾರಿ. ಈ ಉದ್ಯೋಗಗಳನ್ನು ಸುಮ್ಮನೆ ಆರಿಸಿದ್ದಲ್ಲ. ಹಡಗಿನಲ್ಲಿದ್ದರೆ ನೆಟ್‌ವರ್ಕ್ ಇಲ್ಲ ಎನ್ನಬಹುದು, ಸೇನೆಯಲ್ಲಿದ್ದರೆ ವಿಡಿಯೊ ಕರೆಗೆ ಅನುಮತಿ ಇಲ್ಲ ಎನ್ನಬಹುದು, ವೈದ್ಯನಾದರೆ ಪಾಳಿಯ ನೆಪ ಹೇಳಬಹುದು. ಅವನು ಹೆಚ್ಚಾಗಿ ಹುಡುಕುವುದು ನಲವತ್ತು ದಾಟಿದವರನ್ನು, ವಿಚ್ಛೇದನ ಪಡೆದವರನ್ನು, ಸಂಗಾತಿಯನ್ನು ಕಳೆದುಕೊಂಡವರನ್ನು. ಏಕೆಂದರೆ ಎರಡನೆಯ ಮದುವೆಯ ಮಾತನ್ನು ಬಂಧುಗಳ ಮುಂದೆ ಎತ್ತಲು ಅವರು ಹಿಂಜರಿಯುತ್ತಾರೆ ಎಂಬುದು ಅವನಿಗೆ ಗೊತ್ತು.

ಪರಿಚಯವಾದ ಎರಡು ಮೂರು ದಿನಗಳಲ್ಲಿ ಮಾತುಕತೆಯನ್ನು ತಾಣದಿಂದ ವಾಟ್ಸ್ಆ್ಯಪ್‌ಗೋ ಟೆಲಿಗ್ರಾಂಗೋ ಸಾಗಿಸುತ್ತಾನೆ. ತಾಣದಲ್ಲಿ ಯಾರಾದರೂ ದೂರು ಕೊಟ್ಟು ಪ್ರೊಫೈಲ್ ಅಳಿಸಿದರೂ ನಿಮ್ಮ ಸಂಪರ್ಕ ತಪ್ಪಬಾರದು ಎಂಬುದು ಇದರ ಉದ್ದೇಶ. ಆಮೇಲೆ ಬೆಳಿಗ್ಗೆ ಶುಭೋದಯ, ಮಧ್ಯಾಹ್ನ ಊಟವಾಯಿತೇ, ರಾತ್ರಿ ಗಂಟೆಗಟ್ಟಲೆ ಮಾತು. ವಾರಗಟ್ಟಲೆ ಹಣದ ವಿಷಯವೇ ಬರುವುದಿಲ್ಲ. ಅವನು ಹಣ ಕೇಳಿಯೇ ಇಲ್ಲವಲ್ಲ ಎಂಬ ಸಮಾಧಾನವನ್ನು ಆ ವಾರಗಳೇ ಕಟ್ಟಿಕೊಡುತ್ತವೆ. ಅನಂತರ ಒಂದು ದಿನ ಉಡುಗೊರೆ ಕಳಿಸಿರುವುದಾಗಿ ಹೇಳುತ್ತಾನೆ: ಚಿನ್ನ, ಐಫೋನ್, ಜೊತೆಗೆ ಒಂದಿಷ್ಟು ಪೌಂಡ್. ಮರುದಿನ ದೆಹಲಿ ವಿಮಾನ ನಿಲ್ದಾಣದಿಂದ ಎಂದು ಕರೆ ಬರುತ್ತದೆ. ಪಾರ್ಸೆಲ್ ತಡೆಹಿಡಿಯಲಾಗಿದೆ, ಸುಂಕ ಕಟ್ಟಬೇಕು ಎನ್ನುತ್ತಾರೆ. ಕಟ್ಟಿದ ಮೇಲೆ, ಸ್ಕ್ಯಾನ್ ಮಾಡಿದಾಗ ವಿದೇಶಿ ಕರೆನ್ಸಿ ಸಿಕ್ಕಿದೆ, ಅಕ್ರಮ ಹಣ ವರ್ಗಾವಣೆಯ ಕೇಸು ಆಗದಿರಲು ಪ್ರಮಾಣಪತ್ರ ಬೇಕು ಎನ್ನುತ್ತಾರೆ. ಇನ್ನೊಂದು ಬಗೆಯಲ್ಲಿ ಅವನೇ ನಿಮ್ಮನ್ನು ನೋಡಲು ಹೊರಟು ಬಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡಿರುತ್ತಾನೆ. ಪ್ರತಿ ಸಲವೂ ಮೊತ್ತ ದೊಡ್ಡದಾಗುತ್ತದೆ, ಪ್ರತಿ ಸಲವೂ ಇದೇ ಕೊನೆಯದು ಎಂಬ ಭರವಸೆ ಇರುತ್ತದೆ. ಹಿಂದಿನದನ್ನು ಉಳಿಸಿಕೊಳ್ಳಲು ಮುಂದಿನದನ್ನು ಕೊಡುವ ಸ್ಥಿತಿಗೆ ಮನುಷ್ಯರು ಬರುವುದು ಹೀಗೆ. ಒಡವೆ ಅಡವಿಡುವುದು, ಪಿಎಫ್ ತೆಗೆಯುವುದು, ಗೆಳತಿಯರಲ್ಲಿ ಸಾಲ ಮಾಡುವುದು ಎಲ್ಲವೂ ಈ ಹಂತದಲ್ಲಿಯೇ ಆಗುತ್ತವೆ.

ನೀವೇ ಆರಿಸಿದ ದಾರಿಯಲ್ಲಿ ವಿಚಾರಿಸಿ

ಫೋಟೊದಿಂದ ಆರಂಭಿಸಿ. ಒಂದು ಚಿತ್ರ ಅಂತರಜಾಲದಲ್ಲಿ ಬೇರೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್ ಅಥವಾ ಟಿನ್‌ಐ ಮೂಲಕ ಅವನ ಚಿತ್ರಗಳನ್ನು ಹುಡುಕಿದರೆ, ಅದೇ ಮುಖ ಬೇರೆ ಹೆಸರಿನಲ್ಲಿ, ಬೇರೆ ದೇಶದ ಯಾರದೋ ಖಾತೆಯಲ್ಲಿ ಕಾಣಿಸಬಹುದು. ಕಂಡರೆ ವಿಷಯ ಮುಗಿಯಿತು. ಕಾಣದಿದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ ಎಂಬುದನ್ನು ನೆನಪಿಡಿ. ಖಾಸಗಿ ಖಾತೆಯಿಂದ ಕದ್ದ ಚಿತ್ರವೂ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರವೂ ಹುಡುಕಾಟಕ್ಕೆ ಸಿಗುವುದಿಲ್ಲ. ವಿಡಿಯೊ ಕರೆಗೂ ಇದೇ ಮಾತು. ಹಿಂದೆ ವಿಡಿಯೊದಲ್ಲಿ ಮುಖ ತೋರಿಸಿದರೆ ನಂಬಬಹುದಿತ್ತು; ಈಗ ಬೇರೊಬ್ಬರ ಮುಖವನ್ನು ತನ್ನ ಮುಖದ ಮೇಲೆ ಹೊದಿಸಿಕೊಂಡು ಮಾತನಾಡುವ ತಂತ್ರಾಂಶಗಳಿವೆ. ವಿಡಿಯೊ ಕರೆಯನ್ನು ಪದೇಪದೇ ನಿರಾಕರಿಸುವವನು ಖಂಡಿತ ಸಂಶಯಾಸ್ಪದ, ಒಪ್ಪಿಕೊಂಡವನು ಖಂಡಿತ ನಿಜ ಎನ್ನುವಂತಿಲ್ಲ. ಫೋನ್ ಸಂಖ್ಯೆ +44 ಎಂದು ಶುರುವಾದ ಮಾತ್ರಕ್ಕೆ ಅವನು ಇಂಗ್ಲೆಂಡ್‌ನಲ್ಲಿದ್ದಾನೆ ಎಂದೂ ಅರ್ಥವಲ್ಲ; ಅಂತಹ ವರ್ಚುವಲ್ ಸಂಖ್ಯೆಗಳನ್ನು ಯಾವ ದೇಶದಲ್ಲಿ ಕುಳಿತಾದರೂ ಪಡೆಯಬಹುದು.

ಉದ್ಯೋಗವನ್ನು ಪರಿಶೀಲಿಸುವುದು ಇವೆಲ್ಲಕ್ಕಿಂತ ಫಲಕಾರಿ ಎಂದು ನನ್ನ ಅಭಿಪ್ರಾಯ. ಬ್ರಿಟನ್ನಿನಲ್ಲಿ ವೃತ್ತಿ ನಡೆಸುವ ವೈದ್ಯರೆಲ್ಲರ ಹೆಸರೂ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿರಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು. ಆದರೆ ನಿಜವಾದ ವೈದ್ಯನೊಬ್ಬನ ಹೆಸರನ್ನೇ ವಂಚಕ ಎರವಲು ತಂದಿರಬಹುದಾದ್ದರಿಂದ ಅಷ್ಟಕ್ಕೇ ನಿಲ್ಲಬಾರದು. ಆಸ್ಪತ್ರೆಯ ಅಧಿಕೃತ ಜಾಲತಾಣವನ್ನು ನೀವೇ ಹುಡುಕಿ, ಅಲ್ಲಿರುವ ಸಂಖ್ಯೆಗೆ ಕರೆ ಮಾಡಿ, ಇಂಥವರೊಂದಿಗೆ ಮಾತನಾಡಬೇಕು ಎಂದು ಕೇಳಿ. ಅವನು ಕೊಟ್ಟ ಕಚೇರಿಯ ಸಂಖ್ಯೆಗೆ ಮಾಡಿದ ಕರೆಯನ್ನು ಪರಿಶೀಲನೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ವರ ಕನ್ನಡಿಗ ಎಂದು ಹೇಳಿಕೊಂಡಿದ್ದರೆ ಕೆಲಸ ಇನ್ನೂ ಸುಲಭ. ಅಮೆರಿಕದ ದೊಡ್ಡ ನಗರಗಳಲ್ಲೆಲ್ಲ ಕನ್ನಡ ಕೂಟಗಳಿವೆ, ಬ್ರಿಟನ್ನಿನಲ್ಲಿ ಕನ್ನಡ ಬಳಗವಿದೆ; ಪರಿಚಯದವರ ಪರಿಚಯದವರು ಒಬ್ಬರಾದರೂ ಅಲ್ಲಿ ಸಿಗುತ್ತಾರೆ. ಓದಿದ ಕಾಲೇಜು, ಹುಟ್ಟಿದ ಊರು, ತಂದೆಯ ಉದ್ಯೋಗ ಇವುಗಳನ್ನು ಮಾತಿನ ನಡುವೆ ಕೇಳಿ ಬರೆದಿಟ್ಟುಕೊಂಡು, ಎರಡು ವಾರ ಬಿಟ್ಟು ಮತ್ತೆ ಕೇಳಿ. ಗುಂಪಾಗಿ ನಡೆಸುವ ದಂಧೆಯಲ್ಲಿ ಒಂದೇ ಪ್ರೊಫೈಲ್‌ನ ಹಿಂದೆ ಹಲವರು ಕುಳಿತು ಟೈಪ್ ಮಾಡುವುದರಿಂದ ವಿವರಗಳು ಹೊಂದದೆ ಹೋಗುತ್ತವೆ.

ತಾಣದಲ್ಲಿ ಹೆಸರಿನ ಪಕ್ಕದಲ್ಲಿರುವ ಪರಿಶೀಲಿತ ಎಂಬ ಗುರುತಿನ ಮೇಲೆ ಹೆಚ್ಚು ಭಾರ ಹಾಕಬೇಡಿ. ಬಳಕೆದಾರರ ಗುರುತಿನ ದಾಖಲೆಗಳನ್ನು ಪಡೆಯಬೇಕೆಂದು ಕೇಂದ್ರ ಸರ್ಕಾರವು 2016ರ ಜೂನ್‌ನಲ್ಲಿ ಮ್ಯಾಟ್ರಿಮೊನಿ ತಾಣಗಳಿಗೆ ಸಲಹಾಸೂಚಿ ಹೊರಡಿಸಿದೆ ನಿಜ. ಆದರೆ ಆ ಗುರುತು ಎಷ್ಟೋ ಕಡೆ ಫೋನ್ ಸಂಖ್ಯೆ ಚಾಲ್ತಿಯಲ್ಲಿದೆ, ಒಂದು ದಾಖಲೆ ಸಲ್ಲಿಕೆಯಾಗಿದೆ ಎಂಬುದನ್ನಷ್ಟೇ ಹೇಳುತ್ತದೆ. ಸಂಬಳ, ವೈವಾಹಿಕ ಸ್ಥಿತಿ, ನಡತೆ ಇವುಗಳಿಗೆ ತಾಣ ಹೊಣೆಯಲ್ಲ.

ಮೊದಲ ಭೇಟಿಯ ಸ್ಥಳವನ್ನೂ ನೀವೇ ಆರಿಸಿ, ಹಗಲು ಹೊತ್ತಿನಲ್ಲಿ, ಜನ ಓಡಾಡುವ ಕಡೆ. ದೆಹಲಿ, ಮುಂಬೈ, ಹೈದರಾಬಾದ್‌ಗಳಲ್ಲಿ ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ಯುವತಿಯು ತಾನೇ ಹೇಳಿದ ಪಬ್‌ಗೆ ಯುವಕನನ್ನು ಕರೆದೊಯ್ದು, ದುಬಾರಿ ಪಾನೀಯ ತರಿಸಿ, ಮಧ್ಯದಲ್ಲಿ ಎದ್ದುಹೋಗುವ, ಆಮೇಲೆ ಪಬ್‌ನವರು ಹತ್ತಾರು ಸಾವಿರದ ಬಿಲ್ ಇಟ್ಟು ಬೆದರಿಸುವ ಪ್ರಕರಣಗಳು ಪೊಲೀಸರಲ್ಲಿ ದಾಖಲಾಗಿವೆ. ಸಲಿಂಗಿಗಳನ್ನು ಆ್ಯಪ್ ಮೂಲಕ ಒಂಟಿ ಜಾಗಕ್ಕೆ ಕರೆಸಿ ಸುಲಿಗೆ ಮಾಡುವವರೂ ಇದ್ದಾರೆ. ಪೊಲೀಸರಿಗೆ ಹೇಳುತ್ತೇವೆ ಎಂದು ಅವರು ಹಾಕುವ ಬೆದರಿಕೆಗೆ ಬಲವಿಲ್ಲ. ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ತೀರ್ಪು ನೀಡಿದೆ, ಸುಲಿಗೆಯಾದರೆ ಯಾವತ್ತೂ ಅಪರಾಧವೇ.

ಹಣದ ಮಾತು ಬಂದಾಗ

ಮುಖತಃ ಕಂಡಿರದ, ನಿಮ್ಮ ದಾರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡಿರದ ವ್ಯಕ್ತಿಗೆ ಯಾವ ಕಾರಣಕ್ಕೂ ಹಣ ಕಳಿಸಬೇಡಿ. ಇದಕ್ಕೆ ವಿನಾಯಿತಿಗಳನ್ನು ಹುಡುಕುತ್ತ ಹೋದರೆ ನಿಯಮವೇ ಉಳಿಯುವುದಿಲ್ಲ, ಏಕೆಂದರೆ ವಂಚಕನ ಕಸುಬೇ ವಿನಾಯಿತಿಗಳನ್ನು ಹೆಣೆಯುವುದು: ತಾಯಿಗೆ ಆಪರೇಷನ್, ಕಾರ್ಡ್ ಬ್ಲಾಕ್, ಟಿಕೆಟ್ ಹಣ. ಸೇನೆಯ ರಜೆ ಪಡೆಯಲು ಹಣ ಕಟ್ಟಬೇಕು ಎಂಬುದು ಶುದ್ಧ ಸುಳ್ಳು. ಅಮೆರಿಕದ ಸೇನೆಯ ತನಿಖಾ ವಿಭಾಗವೇ ಇದನ್ನು ಸ್ಪಷ್ಟಪಡಿಸಿದೆ.

ಕಸ್ಟಮ್ಸ್ ಕರೆ ಬಂದರೆ ಗಾಬರಿಯಾಗಬೇಡಿ. ವಿದೇಶದ ಪಾರ್ಸೆಲ್‌ಗೆ ಸುಂಕ ಬಿದ್ದಾಗ ಅದನ್ನು ಅಂಚೆ ಇಲಾಖೆ ಅಥವಾ ಕೊರಿಯರ್ ಕಂಪನಿಯ ಮೂಲಕ ರಸೀದಿ ಪಡೆದು ಕಟ್ಟುತ್ತೇವೆಯೇ ಹೊರತು, ಯಾರದೋ ಉಳಿತಾಯ ಖಾತೆಗೋ ಯುಪಿಐ ಐಡಿಗೋ ಹಾಕುವುದಿಲ್ಲ. ಅಕ್ರಮ ಹಣ ವರ್ಗಾವಣೆ ತಡೆ ಪ್ರಮಾಣಪತ್ರ, ಭಯೋತ್ಪಾದನೆ ತಡೆ ಪ್ರಮಾಣಪತ್ರ ಎಂಬ ಹೆಸರಿನ ಶುಲ್ಕಗಳು ಕಸ್ಟಮ್ಸ್‌ನಲ್ಲಿ ಇಲ್ಲವೇ ಇಲ್ಲ. 2019ರ ನವೆಂಬರ್‌ನಿಂದ ಕಸ್ಟಮ್ಸ್ ಇಲಾಖೆಯ ಅಧಿಕಾರಿಗಳು ಹೊರಡಿಸುವ ಪತ್ರಗಳಿಗೆ ಡಿಐಎನ್ ಎಂಬ ದಾಖಲೆ ಗುರುತಿನ ಸಂಖ್ಯೆ ಇರಬೇಕಾಗಿದ್ದು, ಅದು ನಿಜವೇ ಎಂದು ಪರೋಕ್ಷ ತೆರಿಗೆ ಮತ್ತು ಸುಂಕಗಳ ಕೇಂದ್ರೀಯ ಮಂಡಳಿಯ ಜಾಲತಾಣದಲ್ಲಿ ನೀವೇ ನೋಡಬಹುದು. ಕರೆ ಮಾಡಿದವರಿಗೆ ಆ ಸಂಖ್ಯೆ ಕೊಡಿ ಎಂದರೆ ಸಾಮಾನ್ಯವಾಗಿ ಧ್ವನಿ ಬದಲಾಗುತ್ತದೆ, ಬೆದರಿಕೆ ಶುರುವಾಗುತ್ತದೆ. ಅಲ್ಲಿಗೆ ಕರೆ ಕಡಿದುಹಾಕಿ. ವಿಡಿಯೊ ಕರೆಯಲ್ಲಿಯೇ ನಿಮ್ಮನ್ನು ಬಂಧಿಸಿದ್ದೇವೆ ಎಂದು ಹೆದರಿಸುವ ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಉಡುಗೊರೆಯ ಜಾಗಕ್ಕೆ ಹೂಡಿಕೆ ಬಂದಿದೆ, ಇದು ಹೆಚ್ಚು ಅಪಾಯಕಾರಿ. ಇಲ್ಲಿ ಪರಿಚಯವಾದವರು ಹಣ ಕೇಳುವುದೇ ಇಲ್ಲ. ತಾವು ಕ್ರಿಪ್ಟೊದಲ್ಲೋ ಷೇರಿನಲ್ಲೋ ಗಳಿಸುತ್ತಿರುವುದನ್ನು ತೋರಿಸಿ, ನಿಮಗೂ ಕಲಿಸುತ್ತೇನೆ ಎನ್ನುತ್ತಾರೆ. ಲಿಂಕ್ ಒತ್ತಿ ಇಳಿಸಿಕೊಂಡ ಆ್ಯಪ್‌ನಲ್ಲಿ ನಿಮ್ಮ ಹಣ ದಿನದಿನಕ್ಕೆ ಬೆಳೆಯುತ್ತದೆ, ಆರಂಭದಲ್ಲಿ ಸಣ್ಣ ಮೊತ್ತವನ್ನು ವಾಪಸು ಪಡೆಯಲೂ ಬಿಡುತ್ತಾರೆ. ದೊಡ್ಡ ಮೊತ್ತ ತೆಗೆಯಲು ಹೋದಾಗ ಮೊದಲು ತೆರಿಗೆ ಕಟ್ಟಿ ಎನ್ನುತ್ತದೆ. ಆ್ಯಪ್‌ನಲ್ಲಿ ಕಾಣುವ ಲಾಭ ಬರೀ ಪರದೆಯ ಮೇಲಿನ ಅಂಕಿ. ಭಾರತದಲ್ಲಿ ಷೇರು ವ್ಯವಹಾರ ನಡೆಸುವ ದಲ್ಲಾಳಿ ಸಂಸ್ಥೆಯೂ ಹೂಡಿಕೆ ಸಲಹೆಗಾರರೂ ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಮಂಡಳಿಯಾದ ಸೆಬಿಯಲ್ಲಿ ನೋಂದಾಯಿತರಾಗಿರಬೇಕು. ಆ ಪಟ್ಟಿ ಸೆಬಿಯ ಜಾಲತಾಣದಲ್ಲಿದೆ, ಆ್ಯಪ್‌ನವರು ಕಳಿಸಿದ ಪ್ರಮಾಣಪತ್ರದ ಚಿತ್ರವನ್ನು ಬದಿಗಿಟ್ಟು ಅದನ್ನೇ ನೋಡಿ. ಇಂತಹ ದಂಧೆಯ ಬಹುಭಾಗ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗಳಲ್ಲಿ ಬೇಲಿ ಹಾಕಿದ ಆವರಣಗಳಿಂದ ನಡೆಯುತ್ತದೆ. ಅಲ್ಲಿ ಕುಳಿತು ಸಂದೇಶ ಟೈಪ್ ಮಾಡುವವರಲ್ಲಿ ಕೆಲಸದ ಆಮಿಷಕ್ಕೆ ಬಲಿಯಾಗಿ ಹೋಗಿ ಸಿಕ್ಕಿಬಿದ್ದ ಭಾರತೀಯ ಯುವಕರೂ ಇದ್ದಾರೆ. 2025ರ ಮಾರ್ಚ್‌ನಲ್ಲಿ ಹಾಗೆ ಸಿಕ್ಕಿಬಿದ್ದು ಬಿಡುಗಡೆಯಾದ ಐನೂರಕ್ಕೂ ಹೆಚ್ಚು ಮಂದಿಯನ್ನು ಮ್ಯಾನ್ಮಾರ್ ಗಡಿಯಲ್ಲಿರುವ ಥಾಯ್ಲೆಂಡ್‌ನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು.

ಖಾಸಗಿ ವಿಡಿಯೊ ಹೆಸರಿನಲ್ಲಿ ಬೆದರಿಕೆ

ಯುವಕರೂ ಮಧ್ಯವಯಸ್ಸಿನ ಗಂಡಸರೂ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ. ಅಪರಿಚಿತ ಯುವತಿಯ ವಿಡಿಯೊ ಕರೆಯನ್ನು ಪರದೆ ಸಮೇತ ರೆಕಾರ್ಡ್ ಮಾಡಿಕೊಂಡು, ನಿಮ್ಮ ಫೇಸ್‌ಬುಕ್ ಸ್ನೇಹಿತರ ಪಟ್ಟಿಯನ್ನೇ ನಿಮಗೆ ತೋರಿಸಿ ಹಣ ಕೇಳುತ್ತಾರೆ. ಒಮ್ಮೆ ಕೊಟ್ಟರೆ ಕೊಡುವ ಆಸಾಮಿ ಎಂದು ಗೊತ್ತಾಗಿ ಬೇಡಿಕೆ ಹೆಚ್ಚುತ್ತದೆ. ಆಮೇಲೆ ಸಿಬಿಐ ಅಧಿಕಾರಿ, ಯೂಟ್ಯೂಬ್ ಸಿಬ್ಬಂದಿ ಎಂದು ಬೇರೆಬೇರೆ ಹೆಸರಿನಲ್ಲಿ ಕರೆಗಳು ಬರುತ್ತವೆ. ಆದ್ದರಿಂದ ಹಣ ಕೊಡಬೇಡಿ. ಸಂದೇಶ, ಸಂಖ್ಯೆ, ಪ್ರೊಫೈಲ್ ವಿಳಾಸಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟ ಮೇಲೆ ಬ್ಲಾಕ್ ಮಾಡಿ, ಕೆಲವು ದಿನ ಸ್ನೇಹಿತರ ಪಟ್ಟಿಯನ್ನು ಮರೆಮಾಡಿ. ನಿಮಗೆ 18 ವರ್ಷ ತುಂಬಿದ್ದರೆ ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಎಂಬ ಉಚಿತ ತಾಣ ನೆರವಾಗುತ್ತದೆ: ಚಿತ್ರ ನಿಮ್ಮ ಫೋನ್ ಬಿಟ್ಟು ಹೊರಗೆ ಹೋಗದೆಯೇ ಅದರ ಡಿಜಿಟಲ್ ಗುರುತನ್ನು ಮಾತ್ರ ತೆಗೆದು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಸಹಭಾಗಿ ಕಂಪನಿಗಳಿಗೆ ನೀಡಿ ಅದು ಹರಡದಂತೆ ತಡೆಯಲು ಯತ್ನಿಸುತ್ತದೆ. ಅಪ್ರಾಪ್ತ ವಯಸ್ಕರಿಗೆ ಟೇಕ್ ಇಟ್ ಡೌನ್ ಎಂಬ ಸೇವೆಯಿದೆ. ಇದಲ್ಲದೆ, ಖಾಸಗಿ ಚಿತ್ರದ ಬಗ್ಗೆ ದೂರು ಬಂದ 24 ಗಂಟೆಗಳೊಳಗೆ ಜಾಲತಾಣದವರು ಕ್ರಮ ಕೈಗೊಳ್ಳಬೇಕೆಂದು 2021ರ ಐಟಿ ನಿಯಮಗಳು ವಿಧಿಸಿದವು.

ಈ ಬೆದರಿಕೆಗೆ ಹೆದರಿ ಪ್ರಾಣ ಕಳೆದುಕೊಂಡವರಿದ್ದಾರೆ. ಆ ಯೋಚನೆ ಹತ್ತಿರ ಸುಳಿದರೂ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ, ಹಣ ಕೊಡಬೇಕಿಲ್ಲ.

ಮನೆಯವರು ಏನು ಮಾಡಬೇಕು

ಅಕ್ಕನೋ ಅಪ್ಪನೋ ಇಂತಹ ಬಲೆಯಲ್ಲಿದ್ದಾರೆ ಎಂದು ಗೊತ್ತಾದಾಗ, ನಿನಗೆ ಬುದ್ಧಿ ಇಲ್ಲವೇ ಎಂದು ಕೇಳುವುದು ಎಲ್ಲಕ್ಕಿಂತ ಕೆಟ್ಟ ಆರಂಭ. ಮನೆಯವರು ನಮ್ಮ ಪ್ರೀತಿಯನ್ನು ಒಪ್ಪುವುದಿಲ್ಲ, ಅವರಿಗೆ ನಿನ್ನ ಹಣದ ಮೇಲೆ ಕಣ್ಣು ಎಂದು ಆ ಕಡೆಯಾತ ಮೊದಲೇ ಹೇಳಿಕೊಟ್ಟಿರುತ್ತಾನೆ; ನೀವು ರೇಗಿದರೆ ಅವನ ಮಾತು ನಿಜವಾದಂತಾಯಿತು. ಅವನು ಮೋಸಗಾರ ಎಂದು ವಾದಿಸುವುದನ್ನು ಬಿಟ್ಟು, ಇಬ್ಬರೂ ಸೇರಿ ಒಂದೇ ಒಂದು ವಿಷಯವನ್ನು ಪರಿಶೀಲಿಸೋಣ ಎಂದು ಕೇಳಿ. ಆಸ್ಪತ್ರೆಗೆ ಒಂದು ಕರೆ, ಫೋಟೊದ ಒಂದು ಹುಡುಕಾಟ, ಅಷ್ಟೇ. ಫಲಿತಾಂಶವನ್ನು ಅವರೇ ಕಣ್ಣಾರೆ ನೋಡಲಿ. ಅಷ್ಟರವರೆಗೆ ಮುಂದಿನ ಕಂತು ಕಳಿಸುವುದನ್ನು ಎರಡು ದಿನ ಮುಂದೂಡಲು ಒಪ್ಪಿಸಿದರೂ ದೊಡ್ಡ ಕೆಲಸವೇ. ನಂಬಿಕೆ ಕುಸಿದಾಗ ಅವರು ಕಳೆದುಕೊಳ್ಳುವುದು ಹಣ ಒಂದನ್ನೇ ಅಲ್ಲ, ತಿಂಗಳುಗಟ್ಟಲೆ ಮಾತನಾಡಿದ ಒಬ್ಬ ಮನುಷ್ಯನನ್ನೂ. ಆ ದುಃಖಕ್ಕೆ ಜಾಗ ಕೊಡಿ, ವಿವರವನ್ನು ನೆಂಟರ ಬಾಯಿಗೆ ಹಾಕಬೇಡಿ.

ಹಣ ಹೋದ ಮೇಲೆ

ಮೊದಲು ಮಾಡಬೇಕಾದದ್ದು 1930ಕ್ಕೆ ಕರೆ. ಇದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯಡಿ ನಡೆಯುವ ಸೈಬರ್ ವಂಚನೆಯ ಸಹಾಯವಾಣಿ. ನೀವು ಕೊಟ್ಟ ವಿವರ ಬ್ಯಾಂಕುಗಳಿಗೆ ಹೋಗಿ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯುತ್ತಾರೆ. ವಂಚಕರು ಬಾಡಿಗೆಗೆ ಪಡೆದ ಖಾತೆಗಳ ಮೂಲಕ ಹಣವನ್ನು ಕೆಲವೇ ಗಂಟೆಗಳಲ್ಲಿ ಐದಾರು ಕಡೆ ಹರಿಸುವುದರಿಂದ, ಮನೆಯವರಿಗೆ ಹೇಳುವುದೋ ಬೇಡವೋ ಎಂದು ಒಂದು ರಾತ್ರಿ ಯೋಚಿಸಿದರೂ ಅವಕಾಶ ಕೈತಪ್ಪಬಹುದು. ಕರೆ ಮಾಡುವಾಗ ನಿಮ್ಮ ಖಾತೆ ಸಂಖ್ಯೆ, ಹಣ ಹೋದ ದಿನಾಂಕ ಮತ್ತು ವೇಳೆ, ಮೊತ್ತ, ಯುಟಿಆರ್ ಎಂಬ ವಹಿವಾಟಿನ ಗುರುತಿನ ಸಂಖ್ಯೆ, ಎದುರಿನವರ ಖಾತೆ ಅಥವಾ ಯುಪಿಐ ಐಡಿ ಕೈಯಲ್ಲಿರಲಿ. ನಿಮ್ಮ ಬ್ಯಾಂಕಿಗೂ ಆಗಲೇ ತಿಳಿಸಿ. ಅನಂತರ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಪೋರ್ಟಲ್‌ನಲ್ಲಿ ಪೂರ್ಣ ದೂರು ದಾಖಲಿಸಿ, ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದೇ ಪೋರ್ಟಲ್‌ನಲ್ಲಿ ಸಂಶಯದ ಫೋನ್ ಸಂಖ್ಯೆ, ಖಾತೆ, ಯುಪಿಐ ಐಡಿಗಳ ಮೇಲೆ ಈಗಾಗಲೇ ದೂರುಗಳಿವೆಯೇ ಎಂದು ಹುಡುಕುವ ಸೌಲಭ್ಯವೂ ಇದೆ. ಹಣ ಕಳಿಸುವ ಮೊದಲೇ ಅದನ್ನು ಬಳಸಿದರೆ ಇನ್ನೂ ಒಳ್ಳೆಯದು.

ಸಿಟ್ಟಿನಲ್ಲಿಯೋ ನಾಚಿಕೆಯಲ್ಲಿಯೋ ಚಾಟ್ ಅಳಿಸಬೇಡಿ. ಇಡೀ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳಿ, ಪ್ರೊಫೈಲ್‌ನ ಪುಟವನ್ನು ಅದು ಮಾಯವಾಗುವ ಮುನ್ನ ಸ್ಕ್ರೀನ್‌ಶಾಟ್ ತೆಗೆಯಿರಿ. ನಿನ್ನ ಬಂಡವಾಳ ಗೊತ್ತಾಯಿತು ಎಂದು ಅವನಿಗೆ ಹೇಳುವ ಆಸೆಯನ್ನು ತಡೆದುಕೊಳ್ಳಿ. ಹೇಳಿದೊಡನೆ ಅವನು ಖಾತೆ ಮುಚ್ಚಿ ಹೋಗುತ್ತಾನೆ.

ದೂರು ಕೊಡಲು ನಿಮ್ಮ ಜಿಲ್ಲೆಯ ಸೆನ್ ಠಾಣೆಗೆ ಹೋಗಿ. ಹತ್ತಿರದ ಠಾಣೆಯಲ್ಲಿ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನೆನಪಿಸಿ: ಕೃತ್ಯ ಎಲ್ಲಿಯೇ ನಡೆದಿರಲಿ, ಗಂಭೀರ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಾದರೂ ಸ್ವೀಕರಿಸಬೇಕು. ಒಪ್ಪದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳಿಸಬಹುದು. ಭಾರತೀಯ ನ್ಯಾಯ ಸಂಹಿತೆಯ 318 ಮತ್ತು 319ನೇ ಕಲಂಗಳು ವಂಚನೆಗೆ, 308 ಸುಲಿಗೆಗೆ ಸಂಬಂಧಿಸಿವೆ. ಮತ್ತೊಬ್ಬರಂತೆ ನಟಿಸಿ ಕಂಪ್ಯೂಟರ್ ಅಥವಾ ಫೋನ್ ಮೂಲಕ ಮೋಸ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ 3 ವರ್ಷಗಳವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಹಣ ಹಿಂದಿರುಗುವ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ಮೂರು ಕೆಲಸದ ದಿನಗಳಲ್ಲಿ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯನ್ನು ಅನೇಕರು ಉಲ್ಲೇಖಿಸುತ್ತಾರೆ, ಆದರೆ ಅದು ನಿಮಗೆ ತಿಳಿಯದಂತೆ ನಡೆದ ವಹಿವಾಟಿನ ಕುರಿತಾದದ್ದು. ನೀವೇ ಪಿನ್ ಒತ್ತಿ ಕಳಿಸಿದ ಹಣಕ್ಕೆ ಬ್ಯಾಂಕುಗಳು ಅದನ್ನು ಅನ್ವಯಿಸುವುದಿಲ್ಲ. ಯಾವುದಾದರೂ ಖಾತೆಯಲ್ಲಿ ಹಣ ತಡೆಹಿಡಿಯಲ್ಪಟ್ಟಿದ್ದರೆ, ಅದನ್ನು ಬಿಡಿಸಿಕೊಡುವಂತೆ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ವಕೀಲರನ್ನು ಗೊತ್ತುಮಾಡಲು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ದೂರು ಕೊಟ್ಟ ಕೆಲವು ವಾರಗಳ ನಂತರ, ನಿಮ್ಮ ಹಣ ಪತ್ತೆಯಾಗಿದೆ, ಇಷ್ಟು ಶುಲ್ಕ ಕಟ್ಟಿದರೆ ಬಿಡಿಸಿಕೊಡುತ್ತೇವೆ ಎಂದು ವಕೀಲರ, ಹ್ಯಾಕರ್‌ಗಳ, ಕೆಲವೊಮ್ಮೆ ಪೊಲೀಸರ ಹೆಸರಿನಲ್ಲಿಯೇ ಕರೆ ಬರಬಹುದು. ಮೋಸಹೋದವರ ಪಟ್ಟಿಗಳು ವಂಚಕರ ನಡುವೆ ಕೈ ಬದಲಾಗುತ್ತವೆ, ಕೆಲವು ಸಲ ಕರೆ ಮಾಡುವವರು ಹಳೆಯ ಗುಂಪಿನವರೇ ಆಗಿರುತ್ತಾರೆ. ಅಂತಹ ಕರೆ ಬಂದ ದಿನ ಏನನ್ನೂ ಕಟ್ಟದೆ, ದೂರಿನ ಸ್ವೀಕೃತಿ ಸಂಖ್ಯೆಯನ್ನು ಹಿಡಿದುಕೊಂಡು ಠಾಣೆಗೇ ಹೋಗಿ ತನಿಖಾಧಿಕಾರಿಯನ್ನು ಕೇಳಿ, ಕರೆ ಬಂದ ಸಂಖ್ಯೆಯನ್ನೂ ಅದೇ ದೂರಿಗೆ ಸೇರಿಸಿ.